ಐದು ನಿಮಿಷ ಹೆಚ್ಚಿಗೆ

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ಮೋಸವಾಯಿತು ಅನ್ನಬಾರದು. ಹಗ್ಗ ಕಂಡರೂ ಹಾವು ಅನ್ನುವ ಜಾತಿ ನನ್ನದು. ಮನೆಯಿಂದ ಹೊರಡುವಾಗ ಗ್ಯಾಸಿನ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡುತ್ತೇನೆ, ಬೀದಿಯ ತಿರುವಿನವರೆಗೆ ಹೋಗಿ ನಾಲ್ಕನೆಯ ಸಲ ನೋಡಲು ವಾಪಸು ಬರುತ್ತೇನೆ. ಅಮ್ಮ ಇದಕ್ಕೆ ಒಗ್ಗಿಹೋಗಿದ್ದಾಳೆ. ತಂಗಿ ಒಗ್ಗಿಲ್ಲ, ನಗುತ್ತಾಳೆ. ನನ್ನ ಪಾಲಿನ ಧೈರ್ಯವನ್ನು ನಾನು ಹೊಟ್ಟೆಯಲ್ಲೇ ಮರೆತು ಬಂದೆನಂತೆ, ಆರು ವರ್ಷ ಕಳೆದು ಹುಟ್ಟಿದ ಇವಳು ಅದನ್ನೂ ಬಾಚಿಕೊಂಡು ಬಂದಳಂತೆ. ಇದು ಅಮ್ಮನ ಲೆಕ್ಕಾಚಾರ. ತಂಗಿ ನನ್ನನ್ನು ಬರೀ ಅಕ್ಕ ಎಂದು ಕರೆದದ್ದು ಕಡಿಮೆ, ಪುಕ್ಕಲಕ್ಕ ಎಂದೇ ಕರೆಯುವುದು.

ಇಂಥ ನನಗೆ ಸಿಕ್ಕಿದ್ದು ಪರೀಕ್ಷೆಯ ಕೆಲಸ. ನಮ್ಮ ಕಾರ್ಖಾನೆಯಲ್ಲಿ ಕರಿ ಪೈಪು ತಯಾರಾಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ನಮ್ಮ ಪೈಪಿನಲ್ಲಿ ಹರಿಯಬೇಕು. ಬಣ್ಣ ತೆಳುಮಾಡುವ ತಿನ್ನರಿನಂಥ ದ್ರವ ಪೈಪಿನೊಳಗೆ ಉಜ್ಜಿಕೊಂಡು ಓಡುವಾಗ ವಿದ್ಯುತ್ತು ಹುಟ್ಟುತ್ತದೆ. ಒಣ ಹವೆಯಲ್ಲಿ ಉಣ್ಣೆ ಅಂಗಿ ಬಿಚ್ಚುವಾಗ ಚಟಚಟ ಅನ್ನುತ್ತದಲ್ಲ, ಅದೇ. ಅದು ಪೈಪಿನ ಗೋಡೆ ಹಿಡಿದು ನೆಲಕ್ಕೆ ಇಳಿದುಹೋಗಬೇಕು. ಇಳಿಯದಿದ್ದರೆ ಪೈಪಿನ ತುದಿಯ ಹಿತ್ತಾಳೆ ಮೂತಿಯಲ್ಲಿ ಸೇರಿಕೊಳ್ಳುತ್ತದೆ. ಆ ಮೂತಿ ಯಾವುದಾದರೂ ಕಬ್ಬಿಣಕ್ಕೆ ತೀರ ಹತ್ತಿರ ಬಂದರೆ ಕಿಡಿ ಹಾರುತ್ತದೆ. ಸುತ್ತಲೂ ತಿನ್ನರಿನ ಆವಿ ಇದ್ದರೆ ಮುಂದೇನು ಎಂದು ನಾನು ಹೇಳಬೇಕಾಗಿಲ್ಲ.

ಅದಕ್ಕೇ ಪ್ಲಾಸ್ಟಿಕ್ಕಿಗೆ ಇಂಗಾಲದ ಮಸಿ ಬೆರೆಸುತ್ತೇವೆ. ಒಂದು ತಲೆಗೂದಲಿನ ಅಗಲದಲ್ಲಿ ಸಾವಿರಾರು ಕೂರುವಷ್ಟು ಸಣ್ಣ ಕಣಗಳು. ಅವು ಒಂದರ ಕೈ ಒಂದು ಹಿಡಿದು ಸಾಲಾಗಿ ನಿಂತರೆ ಆ ಸಾಲಿನ ಮೇಲೆ ವಿದ್ಯುತ್ತು ದಾಟಿಹೋಗುತ್ತದೆ. ಮಸಿ ಹಾಕುತ್ತ ಹೋದರೆ ಒಂದು ಹಂತದವರೆಗೆ ಏನೂ ಆಗುವುದಿಲ್ಲ. ಆಮೇಲೆ ಒಂದು ಹಿಡಿ ಹೆಚ್ಚಿಗೆ ಬಿದ್ದದ್ದೇ ತಡ, ಇದ್ದಕ್ಕಿದ್ದಂತೆ ಎಲ್ಲ ಸಾಲುಗಳೂ ಕೂಡಿಕೊಂಡು ಹರಿಯಲು ಶುರುವಾಗುತ್ತದೆ. ಹಾಗೆಂದು ಸುರಿದುಬಿಟ್ಟರೆ ಪೈಪು ಕಟ್ಟಿಗೆಯಂತೆ ಸೆಟೆದು ಬಗ್ಗುವುದೇ ಇಲ್ಲ. ಆದ್ದರಿಂದ ನಾವು ಯಾವಾಗಲೂ ಆ ಹಂತದ ಅಂಚಿನಲ್ಲೇ ಇರುತ್ತೇವೆ. ಅಂಚಿನಲ್ಲಿ ಕೆಲಸ ಮಾಡುವವಳು ಪುಕ್ಕಲಿಯಾಗಿದ್ದರೆ ಎಲ್ಲರಿಗೂ ಕ್ಷೇಮ ಎಂದು ನಾನು ನನ್ನ ಸಮಾಧಾನಕ್ಕೆ ಅಂದುಕೊಳ್ಳುತ್ತಿದ್ದೆ.

ಮಸಿ ಕಲಸುವವನು ಮಸಿ ಮೇಸ್ತ್ರಿ. ಮೂವತ್ತು ವರ್ಷದಿಂದ ಅದೇ ಯಂತ್ರ, ಅದೇ ಕೆಲಸ. ಅವನ ಕಿವಿಯ ಮಡಿಕೆಗಳಲ್ಲಿ ಕೂತ ಕಪ್ಪು ಯಾವ ಸೋಪಿಗೂ ಹೋಗುವುದಿಲ್ಲ. ಮೊನ್ನೆ ಮೊನ್ನೆ ಯಾರೋ ಗಿರಾಕಿ ಪೈಪಿನ ಒಳಮೈ ತರಿತರಿಯಾಗಿದೆ, ಸಾಸಿವೆ ಕಾಳು ಅಂಟಿದ ಹಾಗಿದೆ ಎಂದು ಬರೆದಿದ್ದರು. ಮೇಸ್ತ್ರಿಯ ಮರ್ಯಾದೆಗೆ ಪೆಟ್ಟು ಬಿತ್ತು. ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಮುಂದಿನ ಸಲ ಕಲಸುವಾಗ, ಏಳು ನಿಮಿಷ ತಿರುಗಿಸಬೇಕಾದ ಯಂತ್ರವನ್ನು ಹನ್ನೆರಡು ನಿಮಿಷ ತಿರುಗಿಸಿದ. ಬಂದ ಮಾಲು ಎಷ್ಟು ನುಣುಪಾಗಿತ್ತೆಂದರೆ ಒಂದು ತುಂಡನ್ನು ನನ್ನ ಮೇಜಿನ ಮೇಲಿಟ್ಟು, ಇನ್ನು ಕನ್ನಡಿ ಬೇಡ, ಇದರಲ್ಲೇ ತಲೆ ಬಾಚಿಕೋ ಎಂದ. ನಾನೂ ಭೇಷ್ ಎಂದೆ. ಹೊಗಳಿದರೆ ಅವನು ಒಂದು ವಾರ ಒಳ್ಳೆಯವನಾಗಿರುತ್ತಾನೆ.

ನನ್ನ ಪರೀಕ್ಷೆ ಹೀಗೆ. ಕಲಸಿದ ಮಾಲಿನಲ್ಲಿ ಒಂದು ಹಿಡಿ ಕಾಳು ತೆಗೆದು ಬಿಸಿ ಪ್ರೆಸ್ಸಿನಲ್ಲಿ ಹತ್ತು ನಿಮಿಷ ಒತ್ತಿ ಬಿಲ್ಲೆ ಮಾಡುವುದು. ಬಿಲ್ಲೆಗೆ ಮೀಟರಿನ ಎರಡು ಕಡ್ಡಿ ತಾಗಿಸಿ, ವಿದ್ಯುತ್ತಿಗೆ ಎಷ್ಟು ತಡೆಯಿದೆ ಎಂಬ ಅಂಕಿ ನೋಡುವುದು. ಅಂಕಿ ಮಿತಿಯೊಳಗಿದ್ದರೆ ಸಹಿ. ತಯಾರಾದ ಪೈಪನ್ನು ಯಾರೂ ಅಳೆಯುವುದಿಲ್ಲ, ಅಳೆಯಬೇಕಾದರೆ ಕೊಯ್ಯಬೇಕು, ಒಳ್ಳೆಯ ಪೈಪನ್ನು ಕೊಯ್ಯಲು ಯಾರಿಗೂ ಮನಸ್ಸಾಗುವುದಿಲ್ಲ. ಬಿಲ್ಲೆ ಸರಿ ಇದ್ದರೆ ಪೈಪು ಸರಿ ಎಂಬುದು ನಾನು ಸೇರುವ ಮೊದಲಿನಿಂದ ನಡೆದುಬಂದ ಮಾತು.

ಆ ಹನ್ನೆರಡು ನಿಮಿಷದ ಮಾಲಿನ ಬಿಲ್ಲೆ ಒತ್ತುತ್ತಿದ್ದಾಗ ನಡುವೆ ಕರೆಂಟು ಹೋಯಿತು. ಎರಡೇ ನಿಮಿಷ ಒತ್ತಿಸಿಕೊಂಡಿದ್ದ ಎರಡು ಬಿಲ್ಲೆಗಳನ್ನು ಸುಮ್ಮನಿರಲಾರದೆ ಅಳೆದೆ. ಅಂಕಿ ಮಿತಿಗಿಂತ ನೂರು ಪಟ್ಟು ಮೇಲಿತ್ತು. ಕರೆಂಟು ಬಂದ ಮೇಲೆ ಅವನ್ನೇ ಹತ್ತು ನಿಮಿಷ ಒತ್ತಿ ಅಳೆದರೆ ಸರಿಯಾಗಿತ್ತು. ಮೇಸ್ತ್ರಿಗೆ ಹೇಳಿದೆ. ಅರ್ಧ ಬೆಂದ ಬಿಲ್ಲೆಯನ್ನು ಅಳೆದು ಅಳುವವಳು ನೀನೊಬ್ಬಳೇ ಎಂದು ನಕ್ಕ, ಪ್ಯಾಕಿಂಗಿನವರನ್ನೂ ಕರೆದು ನಗಿಸಿದ. ಸಂಜೆ ಮನೆಯಲ್ಲಿ ತಂಗಿಯ ಮುಂದೆ ಮಾತು ತೆಗೆಯಲು ಹೋದೆ. ನಾನು ಇವತ್ತು ಪರೀಕ್ಷೆ ಮಾಡುವಾಗ ಅನ್ನುವಷ್ಟರಲ್ಲೇ ಅವಳು, ಪುಕ್ಕಲಕ್ಕನಿಗೆ ಇವತ್ತು ಏನು ಕಾಣಿಸಿತಮ್ಮಾ ಎಂದು ಅಮ್ಮನ ಕಡೆ ತಿರುಗಿ ಕಣ್ಣು ಹೊಡೆದಳು. ನಾನು ಬಾಯಿ ಮುಚ್ಚಿಕೊಂಡು ಉಂಡೆ. ಮರುದಿನ ಸಹಿ ಹಾಕಿದೆ. ಆರು ಪೈಪು ಹೋದವು, ಅದರಲ್ಲಿ ಎರಡು ತಂಗಿಯ ಕಾರ್ಖಾನೆಗೆ.

ತಂಗಿಯ ಕೆಲಸ ತಿನ್ನರು ತುಂಬುವ ಶೆಡ್ಡಿನಲ್ಲಿ. ಪೈಪಿನ ಮೂತಿ ಹಿಡಿದು ದಿನಕ್ಕೆ ಅರವತ್ತು ಡ್ರಮ್ಮು ತುಂಬುತ್ತಾಳೆ. ಸಹಿ ಹಾಕಿ ಮೂರು ದಿನವಾದ ಮೇಲೆ, ಬೆಳಿಗ್ಗೆ ಶೂ ಕಟ್ಟಿಕೊಳ್ಳುತ್ತ, ನಿಮ್ಮ ಹೊಸ ಪೈಪು ಬಂದಿದೆ, ಚೀಟಿಯ ಮೇಲೆ ನಿನ್ನ ಕೋಳಿಕಾಲಿನ ಸಹಿ ನೋಡಿದೆ, ಊಟ ಆದ ಮೇಲೆ ಹಾಕುತ್ತಾರೆ ಎಂದಳು. ನನ್ನ ಸಹಿ ಅವಳ ಕೈಗೆ ಬಂತಲ್ಲ ಎಂದು ನನಗೆ ಹೆಮ್ಮೆಯೇ ಆಯಿತು. ಸುಳ್ಳೇಕೆ ಹೇಳಲಿ.

ಅವತ್ತು ಮಧ್ಯಾಹ್ನ ಒಂದೂ ಕಾಲು ಗಂಟೆ. ಪರೀಕ್ಷೆ ಕೋಣೆಯ ಬಾಗಿಲು ಗಾಳಿಗೆ ಬಡಿಯದಿರಲಿ ಎಂದು ಪೈಪು ಕತ್ತರಿಸುವವನು ಒಂದು ಮೊಳದ ತುಂಡನ್ನು ಅಡ್ಡ ಇಟ್ಟಿದ್ದ. ಅದೇ ಹನ್ನೆರಡು ನಿಮಿಷದ ಮಾಲಿನ ಪೈಪು, ತುದಿ ಸೊಟ್ಟಗಾಗಿದ್ದಕ್ಕೆ ಕೊಯ್ದು ಬಿಸಾಡಿದ್ದು. ಬಾಗಿಲು ಹಾಕಲು ಅದನ್ನು ಎತ್ತಿದೆ, ಕೈಯಲ್ಲಿ ಮೀಟರಿನ ಕಡ್ಡಿಗಳೂ ಇದ್ದವು, ತಾಗಿಸಿದೆ. ಮೀಟರಿನಲ್ಲಿ ಅಂಕಿಯೇ ಬರಲಿಲ್ಲ. ಅಳತೆ ಮೀರಿದೆ ಎಂಬ ಗೆರೆ ಮಾತ್ರ ಬಂತು. ಬ್ಯಾಟರಿ ಹೋಯಿತೇನೋ ಎಂದು ಬಿಲ್ಲೆಗೆ ತಾಗಿಸಿದೆ, ಅಂಕಿ ಬಂತು. ಪೈಪಿಗೆ ತಾಗಿಸಿದೆ, ಗೆರೆ. ಒಳಮೈಗೆ, ಹೊರಮೈಗೆ, ಕೊಯ್ದ ಅಂಚಿಗೆ. ಗೆರೆ, ಗೆರೆ, ಗೆರೆ.

ಆಗ ಅರ್ಥವಾಯಿತು. ಮೇಸ್ತ್ರಿ ಐದು ನಿಮಿಷ ಹೆಚ್ಚಿಗೆ ಕಲಸಿ ಒಂದೊಂದು ಕಣವನ್ನೂ ಬಿಡಿಸಿ ದೂರ ದೂರ ನಿಲ್ಲಿಸಿದ್ದ. ತರಿಯೂ ಹೋಯಿತು, ಸಾಲೂ ಹೋಯಿತು. ಬಿಸಿ ಪ್ರೆಸ್ಸಿನಲ್ಲಿ ಹತ್ತು ನಿಮಿಷ ಕರಗಿ ಮಲಗಿದ ಬಿಲ್ಲೆಯೊಳಗೆ ಅವಕ್ಕೆ ಪುರುಸೊತ್ತು ಸಿಗುತ್ತದೆ, ತಡಕಾಡಿ ಮತ್ತೆ ಒಂದರ ಕೈ ಒಂದು ಹಿಡಿಯುತ್ತವೆ. ಪೈಪಿಗೆ ಆ ಪುರುಸೊತ್ತು ಎಲ್ಲಿ? ಯಂತ್ರದಿಂದ ಹೊರಬಂದ ಕೂಡಲೇ ತಣ್ಣೀರಿನ ತೊಟ್ಟಿಗೆ ಬೀಳುತ್ತದೆ, ಎಲ್ಲಿದ್ದವೋ ಅಲ್ಲೇ ಗಟ್ಟಿ. ಎರಡು ನಿಮಿಷದ ಬಿಲ್ಲೆ ನನಗೆ ಇದನ್ನೇ ಹೇಳಿತ್ತು. ನಾಲ್ಕು ದಿನದ ಹಿಂದೆ, ಬಾಯಿ ಬಿಟ್ಟು ಹೇಳಿತ್ತು.

ಗಡಿಯಾರ ನೋಡಿದೆ. ಅವರ ಊಟದ ವಿರಾಮ ಒಂದೂವರೆಗೆ ಮುಗಿಯುತ್ತದೆ. ತಂಗಿಯ ಮೊಬೈಲು ಗೇಟಿನ ಡಬ್ಬಿಯಲ್ಲಿರುತ್ತದೆ, ಶೆಡ್ಡಿನೊಳಗೆ ಒಯ್ಯುವಂತಿಲ್ಲ. ಗೇಟಿಗೇ ಫೋನು ಮಾಡಿದೆ. ಎತ್ತಿದವನು ಕಾವಲುಗಾರ. ಹೊಸ ಪೈಪು ಹಾಕಬಾರದು, ಅದರಲ್ಲಿ ಕರೆಂಟು ಹರಿಯುವುದಿಲ್ಲ ಎಂದೆ.

"ಹರಿಯದಿದ್ರೆ ಒಳ್ಳೇದೇ ಅಲ್ವೇನಮ್ಮ?" ಎಂದ ಅವನು. "ಯಾರಿಗೂ ಶಾಕ್ ಹೊಡೆಯಲ್ಲ."

ಅವನ ತಪ್ಪೇನಿಲ್ಲ, ನೂರರಲ್ಲಿ ತೊಂಬತ್ತೊಂಬತ್ತು ಜನ ಅದನ್ನೇ ಹೇಳುತ್ತಾರೆ. ಹಾಗಲ್ಲ, ಹರಿಯಬೇಕು, ಹರಿಯದಿದ್ದರೆ ಕಿಡಿ ಎಂದು ತೊದಲಿದೆ. ಅವನು ನನ್ನನ್ನು ಯಾರೋ ತಲೆಕೆಟ್ಟವಳು ಅಂದುಕೊಂಡಿರಬೇಕು. ಪಾಳಿಯ ಮುಖ್ಯಸ್ಥರು ಊಟದಿಂದ ಬಂದ ಮೇಲೆ ತಿಳಿಸುತ್ತೇನೆ ಎಂದು ಫೋನಿಟ್ಟ. ಮತ್ತೆ ಮಾಡಿದರೆ ಎಂಗೇಜು.

ಮೇಸ್ತ್ರಿ ಹೊರಗೆ ನೆರಳಿನಲ್ಲಿ ಕೂತು ಕೈ ಒರೆಸಿಕೊಳ್ಳುತ್ತಿದ್ದ. ಪೈಪಿನ ತುಂಡನ್ನೂ ಮೀಟರನ್ನೂ ಅವನ ಮಡಿಲಿಗೆ ಹಾಕಿ ನೋಡು ಎಂದೆ. ಅವನು ನೋಡಿದ. ಎರಡು ಸಲ ಕಡ್ಡಿ ಒತ್ತಿದ, ಮೂರನೆಯ ಸಲ ಉಗುರಿನಿಂದ ಕೆರೆದು ಒತ್ತಿದ. ನಗಲಿಲ್ಲ. ಸ್ಕೂಟರಿನ ಕೀಲಿ ತೆಗೆದ.

ದಾರಿಯ ಕಾಲು ಗಂಟೆಯಲ್ಲಿ ನಾನು ಎಷ್ಟು ಸಲ ಸತ್ತೆನೋ ಲೆಕ್ಕವಿಲ್ಲ. ಪ್ರತಿ ತಿರುವಿನಲ್ಲೂ ಆಕಾಶ ನೋಡುತ್ತಿದ್ದೆ, ಕಪ್ಪು ಹೊಗೆ ಎದ್ದಿದೆಯೋ ಎಂದು. ಒಂದು ಕಡೆ ಎದ್ದೇ ಇತ್ತು. ಹತ್ತಿರ ಹೋದರೆ ಯಾರೋ ಹಳೆಯ ಟೈರು ಸುಡುತ್ತಿದ್ದರು. ಮೇಸ್ತ್ರಿ ಹೆಲ್ಮೆಟಿನೊಳಗಿಂದ ಏನೋ ಹೇಳಿದ, ಕೇಳಿಸಲಿಲ್ಲ, ಏನೆಂದೆ. "ಚೆನ್ನಾಗಿ ಆಗ್ಲಿ ಅಂತ ಕಲಸ್ದೆ" ಎಂದು ಇನ್ನೊಮ್ಮೆ ಹೇಳಿದ. ಅತಿಯಾದರೆ ಅಮೃತವೂ ವಿಷ ಎಂದು ಬಾಯಿ ತುದಿಗೆ ಬಂದಿತ್ತು. ಅವನ ಕುತ್ತಿಗೆಯ ಹಿಂದೆ ಬೆವರು ಮಸಿಯ ಗೆರೆ ಮಾಡಿಕೊಂಡು ಇಳಿಯುತ್ತಿತ್ತು.

ಗೇಟಿನಲ್ಲಿ ಕಾವಲುಗಾರ ಪುಸ್ತಕ ಮುಂದಿಟ್ಟು ಹೆಸರು ಬರೆಯಿರಿ ಎಂದ. ಮೇಸ್ತ್ರಿ ಅವನೊಡನೆ ಜಗಳಕ್ಕೆ ನಿಂತ, ನಾನು ಸಂದಿನಲ್ಲಿ ನುಸುಳಿ ಓಡಿದೆ. ಜನ್ಮದಲ್ಲಿ ಅನುಮತಿಯಿಲ್ಲದೆ ಒಂದು ಬಾಗಿಲು ದಾಟಿದವಳಲ್ಲ ನಾನು.

ಶೆಡ್ಡಿನ ದೊಡ್ಡ ಬಾಗಿಲು ತೆರೆದಿತ್ತು. ನೆಲದ ಮೇಲೆ ಹಳದಿ ಗೆರೆ. ಆ ಗೆರೆ ದಾಟಬೇಕಾದರೆ ವಿಶೇಷ ಅಡಿಯ ಶೂ ಬೇಕು, ಹತ್ತಿಯ ಬಟ್ಟೆ ಬೇಕು, ಗೋಡೆಯ ತಾಮ್ರದ ತಗಡನ್ನು ಕೈಯಿಂದ ಮುಟ್ಟಿರಬೇಕು. ನನ್ನ ಮೈಮೇಲೆ ನೈಲಾನಿನ ಜಾಕೆಟ್ಟು, ಕಾಲಿಗೆ ರಬ್ಬರಿನ ಚಪ್ಪಲಿ. ಅದರ ಮೇಲೆ ಓಡಿ ಬಂದಿದ್ದೇನೆ. ಕಿಡಿಯ ಮೂಟೆ ನಾನೇ. ಕಾಲು ಗೆರೆಯ ಮೇಲೆ ಬೀಳುವ ಮೊದಲು ಹೇಗೋ ನಿಂತೆ, ನಿಂತ ರಭಸಕ್ಕೆ ಮುಗ್ಗರಿಸಿದೆ.

ತಂಗಿ ಇಪ್ಪತ್ತು ಹೆಜ್ಜೆ ದೂರದಲ್ಲಿ, ನನಗೆ ಬೆನ್ನು ಹಾಕಿ ನಿಂತಿದ್ದಳು. ಎರಡೂ ಕೈಗೆ ದಪ್ಪ ರಬ್ಬರಿನ ಗವಸು, ವಿದ್ಯುತ್ತು ಅವಳ ಮೈ ಹಿಡಿದೂ ನೆಲಕ್ಕೆ ಇಳಿಯಲಾರದು. ಕೈಯಲ್ಲಿ ಹಿತ್ತಾಳೆ ಮೂತಿ, ಮೂತಿಯ ಹಿಂದೆ ನಮ್ಮ ಪೈಪು, ನುಣ್ಣಗೆ ಹೊಳೆಯುತ್ತ. ಡ್ರಮ್ಮಿನ ಬಾಯಿಯ ಬಣ್ಣ ಕೆತ್ತಿಹೋಗಬಾರದೆಂದು ಮೂತಿಯನ್ನು ಅಂಚಿಗೆ ತಾಗಿಸದೆ ನಡುವೆ ಹಿಡಿಯುವುದು ಅವರ ಕೈಚಳಕ. ಬೆರಳಗಲದ ಸಂದು. ಪಂಪಿನ ಗದ್ದಲದಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಬಾಗಿಲ ಪಕ್ಕದ ಕಂಬದಲ್ಲಿ ಕೆಂಪು ಗುಂಡಿಯಿತ್ತು. ಒತ್ತಿದೆ.

ಪಂಪು ನಿಂತಿತು. ನಿಂತ ಮೇಲೆ ನಾನು ಮಾಡಿದ್ದೇನೆಂದು ಗೊತ್ತಾಯಿತು. ಪಂಪು ನಿಂತರೆ ಅವರು ಏನು ಮಾಡುತ್ತಾರೆ? ಮೂತಿಯನ್ನು ಡ್ರಮ್ಮಿನಿಂದ ಎತ್ತಿ ಪಕ್ಕದ ಕಬ್ಬಿಣದ ಕೊಕ್ಕೆಗೆ ನೇತುಹಾಕುತ್ತಾರೆ. ತಂಗಿ ಇದನ್ನು ದಿನಕ್ಕೆ ಅರವತ್ತು ಸಲ ಮಾಡುತ್ತಾಳೆ. ಯಾರು ನಿಲ್ಲಿಸಿದ್ದು ಎಂದು ಸಿಟ್ಟಿನಿಂದ ತಿರುಗುತ್ತಲೇ ಅವಳ ಮೊಣಕೈ ಮೇಲೇಳತೊಡಗಿತು.

"ಎತ್ತಬೇಡ" ಎಂದು ಕಿರುಚಿದೆ. "ಕೈ ಅಲ್ಲೇ ಇರ್ಲಿ."

ನನ್ನನ್ನು ನೋಡಿದ್ದೇ ಅವಳ ಮುಖದಲ್ಲಿ ಆ ಹಳೆಯ ನಗು ಬಂತು. ಅಯ್ಯೋ, ಇಲ್ಲಿಗೂ ಬಂದಳಾ ಎಂಬ ನಗು. ಗ್ಯಾಸು ನೋಡಲು ಬೀದಿ ತಿರುವಿನಿಂದ ವಾಪಸು ಬಂದಾಗ ನಗುವ ನಗು. ಕೈ ಇನ್ನೂ ಏಳುತ್ತಲೇ ಇತ್ತು. ಅಪಾಯ, ಬೆಂಕಿ, ಸಾವು ಎಂದು ಏನು ಹೇಳಿದ್ದರೂ ಅವಳು ನಂಬುತ್ತಿರಲಿಲ್ಲ, ಅವನ್ನೆಲ್ಲ ನಾನು ಮನೆಯಲ್ಲಿ ದಿನಾ ಹೇಳುತ್ತೇನೆ. ಹೇಳಿ ಹೇಳಿ ಸವೆಸಿಬಿಟ್ಟಿದ್ದೆ.

"ನನ್ನ ಸಹಿ ತಪ್ಪು," ಎಂದೆ. "ಪೈಪಿನಲ್ಲಿ ಏನೂ ಹರಿಯಲ್ಲ. ನಾನೇ ಅಳೆದು ನೋಡ್ದೆ."

ಅವಳ ಕೈ ನಿಂತಿತು. ನಾನು ತಪ್ಪು ಮಾಡಿದೆ ಎಂದದ್ದನ್ನು ಅವಳು ಎಂದೂ ಕೇಳಿರಲಿಲ್ಲ, ತಪ್ಪಾಗಬಾರದೆಂದೇ ತಾನೇ ನನ್ನ ಹೆದರಿಕೆಯೆಲ್ಲ. ಅವಳು ಮೂತಿಯನ್ನು ನೋಡಿದಳು, ಸಂದನ್ನು ನೋಡಿದಳು, ಗವಸನ್ನು ನೋಡಿದಳು. ಅವಳು ದಡ್ಡಿಯಲ್ಲ, ಆ ಕೆಲಸಕ್ಕೆ ಸೇರುವ ಮೊದಲು ಒಂದು ತಿಂಗಳು ಇದನ್ನೇ ಕಲಿತವಳು. ನಗು ಹೋಗಿ ಮುಖ ಸುಣ್ಣದಂತಾಯಿತು.

ಪಾಳಿಯ ಮುಖ್ಯಸ್ಥ ಓಡಿ ಬಂದ. ಬೋಳುತಲೆಯ, ಎತ್ತರದ ಮನುಷ್ಯ. ಎರಡು ಮಾತಿಗೆ ಅವನಿಗೆ ತಿಳಿಯಿತು, ತಿಳಿದ ಮೇಲೆ ಒಂದು ಮಾತೂ ದಂಡ ಮಾಡಲಿಲ್ಲ. ಉಳಿದವರನ್ನು ಹಿಂಬಾಗಿಲಿನಿಂದ ಹೊರಡಿಸಿದ, ದೊಡ್ಡ ತೊಟ್ಟಿಯ ವಾಲ್ವು ಮುಚ್ಚಿಸಿದ. ತಂಗಿಯ ಹತ್ತಿರ ಯಾರೂ ಹೋಗುವಂತಿರಲಿಲ್ಲ. ಯಾರಾದರೂ ಹೋಗಿ ಮೂತಿ ಹಿಡಿದರೆ ಅವರ ಕೈಗೇ ಕಿಡಿ ಹಾರಬಹುದು. ಕಾಯುವುದೊಂದೇ ದಾರಿ. ಎಂಥ ಕೆಟ್ಟ ಪೈಪಾದರೂ ಮೂತಿಯಲ್ಲಿ ಸೇರಿದ ವಿದ್ಯುತ್ತು ಹನಿ ಹನಿಯಾಗಿ ಸೋರಿಹೋಗುತ್ತದೆ. ಎಷ್ಟು ಹೊತ್ತಿಗೆ ಎಂದು ಅವನು ನನ್ನನ್ನು ಕೇಳಿದ. ನನ್ನ ಮೀಟರು ಅಳತೆ ಮೀರಿದೆ ಎಂದಿತ್ತೇ ಹೊರತು ಎಷ್ಟು ಮೀರಿದೆ ಎಂದಿರಲಿಲ್ಲ. ಗೊತ್ತಿಲ್ಲ ಎಂದೆ. ಟ್ಯಾಂಕರು ತುಂಬಿದ ಮೇಲೆ ಅಳತೆಕೋಲು ಇಳಿಸುವ ಮೊದಲು ಅರ್ಧ ಗಂಟೆ ಬಿಡುವುದು ಅವರ ನಿಯಮ. ಅದನ್ನೇ ಹಿಡಿಯೋಣ ಎಂದ. ನನಗೆ ಹೊರಗೆ ಹೋಗಲು ಹೇಳಿದ. ನಾನು ಹೋಗಲಿಲ್ಲ. ಅವನು ಒತ್ತಾಯಿಸಲಿಲ್ಲ, ಬೆಂಕಿ ಆರಿಸುವ ಸಾಮಾನುಗಳೊಡನೆ ಕೂಗಿದರೆ ಬರುವಷ್ಟು ಹತ್ತಿರ ಬಾಗಿಲ ಆಚೆ ನಿಂತ. ಮೇಸ್ತ್ರಿ ಗೇಟಿನ ಫೋನಿನಿಂದ ಉಳಿದ ನಾಲ್ಕು ಪೈಪು ಹೋದ ಎರಡು ಕಾರ್ಖಾನೆಗಳಿಗೂ ಫೋನು ಮಾಡಿ, ತಪ್ಪು ನನ್ನದು, ಪೈಪು ಬಿಚ್ಚಿಡಿ ಎಂದು ಕೂಗಿ ಕೂಗಿ ಹೇಳಿದನಂತೆ. ಇನ್ನೂ ಯಾರೂ ಹಾಕಿರಲಿಲ್ಲವಂತೆ. ಅದೆಲ್ಲ ನನಗೆ ಆಮೇಲೆ ತಿಳಿದದ್ದು.

ಶೆಡ್ಡಿನಲ್ಲಿ ನಾವಿಬ್ಬರೇ. ಗೆರೆಯ ಈಚೆ ನಾನು, ಆಚೆ ಅವಳು. ತಿನ್ನರಿನ ಸಿಹಿ ಘಾಟು ಮೂಗಿನೊಳಗೆ ಸುಡುತ್ತಿತ್ತು. ನಾನು ಕೈಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ, ಜಾಕೆಟ್ಟು ಎಲ್ಲಿಗೂ ಉಜ್ಜದಿರಲೆಂದು. ಐದು ನಿಮಿಷ ಅವಳು ಗೊಂಬೆಯಂತೆ ನಿಂತಳು. ಆಮೇಲೆ ಮೂತಿಯ ತುದಿ ಸಣ್ಣಗೆ ಅಲುಗಲು ಶುರುವಾಯಿತು.

"ಅಕ್ಕ, ಕೈ ನಡುಗ್ತಿದೆ," ಎಂದಳು. ಅವಳ ದನಿ ನನಗೆ ಗುರುತೇ ಸಿಗಲಿಲ್ಲ. "ನಿಲ್ಲಿಸೋಕೆ ಆಗ್ತಿಲ್ಲ. ನೀನು ಹೋಗು."

ನನಗೆ ಒಂದು ವಿಷಯ ಹೊಳೆದದ್ದು ಆಗ. ಹೆದರುವುದು ನನಗೆ ಅಭ್ಯಾಸ, ಮೂವತ್ತೈದು ವರ್ಷದ ಅಭ್ಯಾಸ. ಅವಳಿಗೆ ಇದು ಮೊದಲ ಸಲ. ಈಜು ಬಾರದವಳನ್ನು ನಡು ನೀರಿಗೆ ನೂಕಿದ ಹಾಗಾಗಿತ್ತು ಅವಳ ಸ್ಥಿತಿ. ಮೇಸ್ತ್ರಿಗೆ ಮಸಿ ಗೊತ್ತಿರುವ ಹಾಗೆ ನನಗೆ ಹೆದರಿಕೆ ಗೊತ್ತು, ಅದು ಎಲ್ಲಿಂದ ಹತ್ತುತ್ತದೆ, ಎಲ್ಲಿ ಕೂರುತ್ತದೆ, ಎಷ್ಟು ಹೊತ್ತಿಗೆ ತಾನೇ ದಣಿಯುತ್ತದೆ.

"ನಿಲ್ಲಿಸೋಕೆ ಹೋಗ್ಬೇಡ," ಎಂದೆ. "ತಡೆದಷ್ಟೂ ಜಾಸ್ತಿ. ಮೊಣಕಾಲು ಸಡಿಲ ಬಿಡು. ನಡುಕ ಕಾಲಿಗೆ ಇಳೀಲಿ, ಕಾಲು ಬೇಕಾದಷ್ಟು ನಡುಗ್ಲಿ, ಯಾರಿಗೂ ನಷ್ಟ ಇಲ್ಲ. ಕೈನ ನೋಡ್ಬೇಡ, ನನ್ನ ನೋಡು."

ಅವಳು ನನ್ನನ್ನು ನೋಡಿದಳು. ಮೊಣಕೈಯನ್ನು ಪಕ್ಕೆಗೆ ಒತ್ತಿಕೋ ಎಂದೆ, ಒತ್ತಿಕೊಂಡಳು. ನಾಲಿಗೆಯನ್ನು ಮೇಲಂಗುಳಿಗೆ ಹಚ್ಚಿ ಮೂಗಿನಿಂದ ಉಸಿರು ಬಿಡು, ಬಿಡುವುದು ಎಳೆಯುವುದಕ್ಕಿಂತ ಉದ್ದ ಇರಲಿ ಎಂದೆ. ಮಾಡಿದಳು. ಈಗ ಹೊಟ್ಟೆ ತೊಳಸುತ್ತದೆ, ಹೆದರಬೇಡ, ಅದು ಬಂದು ಹೋಗುತ್ತದೆ ಎಂದೆ. ಬಂತು, ಹೋಯಿತು. ಈಗ ಅಳು ಬರುತ್ತದೆ ಎಂದೆ. ಬಂತು. ಮೂಗು ಒರೆಸಲು ಕೈ ಬಿಡಬೇಡ, ಸುರಿಯಲಿ ಬಿಡು ಎಂದೆ. ಕಣ್ಣೀರು, ಸಿಂಬಳ ಎಲ್ಲ ಗದ್ದದಿಂದ ಹನಿಯಿತು. ಅವಳ ಎರಡು ಕಾಲೂ ಗಾಳಿಗೆ ಸಿಕ್ಕ ಬಟ್ಟೆಯಂತೆ ಅದುರುತ್ತಿದ್ದವು, ಮೂತಿ ಮಾತ್ರ ಆ ಸಂದಿನ ನಡುವೆ ಇದ್ದಲ್ಲೇ ಇತ್ತು.

ನನಗೆ ಏನಾಗುತ್ತಿತ್ತೆಂದು ಹೇಳುವುದಿಲ್ಲ. ಹೇಳಬಾರದೆಂದಲ್ಲ, ಆ ಅರ್ಧ ಗಂಟೆಯಲ್ಲಿ ನನ್ನ ಹೆದರಿಕೆಯನ್ನು ಗಮನಿಸಲು ನನಗೆ ಪುರುಸೊತ್ತಿರಲಿಲ್ಲ. ಇಪ್ಪತ್ತನೆಯ ನಿಮಿಷಕ್ಕೆ ಅವಳ ಭುಜ ಕುಸಿಯತೊಡಗಿತು. ಆ ಮೂತಿ ಹಗುರದ್ದಲ್ಲ, ದಿನಾ ಹಿಡಿಯುವಾಗ ನಡುನಡುವೆ ಕೊಕ್ಕೆಯ ಆಸರೆಯಿರುತ್ತದೆ. ಮಾತಾಡಿಸು ಎಂದಳು. ಅಮ್ಮ ಬೆಳಿಗ್ಗೆ ಹಾಲು ಉಕ್ಕಿಸಿದ್ದು, ನೀನು ನನ್ನ ಹೊಸ ಸಾಬೂನು ಕದ್ದದ್ದು, ಪಕ್ಕದ ಮನೆಯ ನಾಯಿ, ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಒಂದು ವಿಷಯ ಮಾತ್ರ ನಾಲಿಗೆಯ ತುದಿಯಲ್ಲಿ ಕೂತಿತ್ತು, ಅದನ್ನು ಹೇಳಲಿಲ್ಲ. ಹೇಳಿದರೆ ಅವಳ ಕೈ ಅಲುಗುತ್ತಿತ್ತು.

ಅರ್ಧ ಗಂಟೆಯಾಯಿತು. ಇನ್ನೈದು ನಿಮಿಷ ಇರಲಿ ಎಂದೆ. ಪಾಳಿಯ ಮುಖ್ಯಸ್ಥ ನನ್ನ ಮುಖ ನೋಡಿ ಆಗಲಿ ಎಂದ. ಆಮೇಲೆ ಅವನೇ ಹೇಳಿಕೊಟ್ಟ. ನೇರ ಮೇಲಕ್ಕೆ ಎತ್ತು, ಅಂಚಿಗೆ ತಾಗಿಸಬೇಡ, ಕೊಕ್ಕೆಯ ಕಡೆ ಹೋಗಬೇಡ, ಎಡಕ್ಕೆ ಮರದ ಹಲಗೆಯಿದೆ, ಅದರ ಮೇಲೆ ಮಲಗಿಸು. ಅವಳು ಎತ್ತಿದಳು. ಹಿತ್ತಾಳೆ ಮೂತಿ ಡ್ರಮ್ಮಿನ ಬಾಯಿಯಿಂದ ಇಂಚು ಇಂಚಾಗಿ ಹೊರಬಂತು, ತುದಿಯಿಂದ ತಿನ್ನರು ತೊಟ್ಟಿಕ್ಕುತ್ತ. ನಾನು ಕಣ್ಣು ಮುಚ್ಚಿಕೊಳ್ಳಲಿಲ್ಲ. ಏನೂ ಆಗಲಿಲ್ಲ. ಅವಳು ಅದನ್ನು ಹಲಗೆಯ ಮೇಲಿಟ್ಟು, ಮೂರು ಹೆಜ್ಜೆ ಹಿಂದೆ ಸರಿದು, ತಿರುಗಿ ನಡೆದುಕೊಂಡೇ ಬಂದಳು. ಓಡಲಿಲ್ಲ.

ಹೊರಗಿನ ಮೆಟ್ಟಿಲ ಮೇಲೆ ಕೂತಳು. ಯಾರೋ ನೀರು ಕೊಟ್ಟರು. ಬೆರಳುಗಳು ಮೂತಿ ಹಿಡಿದ ಆಕಾರದಲ್ಲೇ ಬಿಗಿದುಕೊಂಡಿದ್ದವು, ಗವಸು ಬಿಚ್ಚಲು ಆಗಲಿಲ್ಲ. ನಾನು ಕೆಳಗೆ ಕೂತು ಅವಳ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳು ಬಿಡಿಸಿ ಗವಸು ಎಳೆದೆ. ಒಳಗೆ ಕೈ ಬೆವರಿನಿಂದ ನೆನೆದು ಬಿಳಿಚಿಕೊಂಡಿತ್ತು. ಅವಳು ಇನ್ನೂ ಬಿಕ್ಕುತ್ತಿದ್ದಳು.

"ನೀನು ಬರದಿದ್ರೆ ನಾನು ಇವತ್ತು ಇರ್ತಿರಲಿಲ್ಲ, ಅಕ್ಕ," ಎಂದಳು. "ಯಾವಾಗ ಗೊತ್ತಾಯ್ತು ನಿಂಗೆ?"

ಊಟದ ಹೊತ್ತಿಗೆ ಎಂದುಬಿಡಬಹುದಿತ್ತು. ಅದು ಸುಳ್ಳೂ ಅಲ್ಲ. ಪಾಳಿಯ ಮುಖ್ಯಸ್ಥ ಆಗಲೇ ಇಬ್ಬರಿಗೆ ನನ್ನನ್ನು ತೋರಿಸಿ, ಇವರಿಂದ ಶೆಡ್ಡು ಉಳಿಯಿತು ಎಂದು ಹೇಳುತ್ತಿದ್ದ. ಮೇಸ್ತ್ರಿ ಎಲ್ಲ ತಪ್ಪನ್ನೂ ತನ್ನ ತಲೆಯ ಮೇಲೆ ಹೊತ್ತುಕೊಂಡು ಗೇಟಿನ ಹತ್ತಿರ ಗೋಡೆಗೆ ಒರಗಿ ನಿಂತಿದ್ದ.

ನಾಲ್ಕು ದಿನದ ಹಿಂದೆಯೇ ಅನುಮಾನ ಬಂದಿತ್ತು ಎಂದೆ. ಕರೆಂಟು ಹೋದದ್ದು, ಎರಡು ನಿಮಿಷದ ಬಿಲ್ಲೆ, ನೂರು ಪಟ್ಟು ಅಂಕಿ, ಎಲ್ಲ ಹೇಳಿದೆ. ಅವತ್ತು ಸಂಜೆ ಮನೆಯಲ್ಲಿ ಹೇಳಲು ಬಾಯಿ ತೆರೆದದ್ದನ್ನೂ ಹೇಳಿದೆ.

ಅವಳು ಬಿಕ್ಕುವುದು ನಿಂತಿತು.

"ಮತ್ತೆ ಯಾಕೆ ಹೇಳಲಿಲ್ಲ?"

"ನೀವೆಲ್ಲ ನಗ್ತೀರಿ ಅಂತ."

ಅವಳು ಮೆಲ್ಲಗೆ, ಪಕ್ಕದವರಿಗೆ ಕೇಳಿಸದ ಹಾಗೆ ಕೇಳಿದಳು. "ನಾನು ನಗ್ತೀನಿ ಅಂತ ಹೆದರಿ, ನನ್ನನ್ನ ಸುಟ್ಟುಹೋಗೋಕೆ ಬಿಟ್ಟಿದ್ದೆಯಾ?"

ಹಾಗಲ್ಲ ಎನ್ನಲು ನೂರು ಮಾತು ಇದ್ದವು. ನಿಯಮದ ಪ್ರಕಾರ ಬಿಲ್ಲೆ ಸರಿಯಿತ್ತು, ಮೇಸ್ತ್ರಿ ಹಿರಿಯ, ಪೈಪು ನಿನ್ನ ಕೈಗೇ ಬರುತ್ತದೆಂದು ನನಗೇನು ಗೊತ್ತು.

"ಹೌದು," ಎಂದೆ.

ಎಡಗೈಯ ಗವಸು ಇನ್ನೂ ಹಾಗೇ ಇತ್ತು. ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ. ಗವಸಿನ ತುದಿಯನ್ನು ಎರಡು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ, ತಾನೇ ಎಳೆದು ಬಿಚ್ಚಿಕೊಂಡಳು.